ಕಸ ಬಿಡದ ಧಾತು ಎಲ್ಲೈತ್ರೀ?

ಬಹಳ ದಿನದಿಂದ ತಲೆ ಕೊರೀತಿರೋ ವಿಷಯ ಇದು. ಇವತ್ತು ಬರೆದೇ ಬಿಡ್ತೀನಿ. ಸ್ವಲ್ಪ ಖಾರ ಅನ್ನಿಸಬಹುದು. ನಾನು ಕಕ್ಕೇರಾದವನು, ನಮ್ಮ ಕಡೆ ಚಟ್ನಿಪುಡಿಯಿಂದ ಹಿಡಿದು ಮಾತಿನ ತನಕ ಎಲ್ಲದರಲ್ಲೂ ಖಾರ ಒಂದು ಚಮಚ ಜಾಸ್ತಿನೇ.

ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಬಗ್ಗೆ ಬರೆಯುವ ಬ್ಲಾಗಿಗ ಗೆಳೆಯರು ಅಂದ್ರೆ ನನಗೆ ಪ್ರೀತಿ. ಇರೋದೇ ನಾಲ್ಕಾರು ಜನ, ಅವರೂ ಬರೆಯದಿದ್ದರೆ ಓದೋಕೆ ಏನೂ ಇರೋಲ್ಲ. ಆದರೆ ಅವರ ಒಂದು ಚಾಳಿ ಮಾತ್ರ ಸಹಿಸೋಕಾಗ್ತಿಲ್ಲ: ಕಾಲ್ಪನಿಕ ಧಾತುಗಳ ಭಜನೆ. ಒಬ್ಬರು ನಕ್ವಾಡಾ ಬಗ್ಗೆ ಬರೆದರೆ ಇನ್ನೊಬ್ಬರು ವೈಬ್ರೇನಿಯಂ ಬಗ್ಗೆ, ಮತ್ತೊಬ್ಬರು ಅನ್‌ಅಬ್ಟೇನಿಯಂ ಬಗ್ಗೆ. "ಎಂಥಾ ಕಲ್ಪನೆ ನೋಡಿ, ನಮ್ಮವರಿಗೆ ಯಾಕೆ ಇಂಥದ್ದು ಹೊಳೆಯೋಲ್ಲ" ಅನ್ನೋ ನಿಟ್ಟುಸಿರು ಎಲ್ಲದರ ಕೊನೆಗೆ ಗ್ಯಾರಂಟಿ.

ನನ್ನ ತಕರಾರು ಸರಳ. ಈ ಧಾತುಗಳಲ್ಲಿ ಕಲ್ಪನೆ ಜಾಸ್ತಿ ಆಗಿದೆ ಅಂತ ನಾನು ದೂರುತ್ತಿಲ್ಲ. ಕಲ್ಪನೆ ಕಡಿಮೆ ಬಿದ್ದಿದೆ ಅಂತ ದೂರುತ್ತಿದ್ದೀನಿ.

ನೋಡದವರಿಗಾಗಿ ಎರಡು ಮಾತು. 1994ರಲ್ಲಿ ಸ್ಟಾರ್‌ಗೇಟ್ ಅಂತ ಸಿನಿಮಾ ಬಂತು, 1997ರಿಂದ 2007ರವರೆಗೆ ಅದರ ಧಾರಾವಾಹಿ ಓಡಿತು. ಸಿನಿಮಾದಲ್ಲಿ ಹೆಸರಿಲ್ಲದ ಒಂದು ಖನಿಜ ಇತ್ತು, ಧಾರಾವಾಹಿಯಲ್ಲಿ ಅದಕ್ಕೆ ನಕ್ವಾಡಾ ಅಂತ ನಾಮಕರಣ ಆಯ್ತು. ನಮ್ಮ ಆವರ್ತ ಕೋಷ್ಟಕದಲ್ಲೇ ಇಲ್ಲದ ಅತಿಭಾರದ ಧಾತು. ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ದಾಟಿಸುವ ಬಾಗಿಲನ್ನು ಮಾಡಿರೋದು ಇದರಿಂದಲೇ. ಅಣುಬಾಂಬಿನ ಜೊತೆ ಇಟ್ಟರೆ ಬಾಂಬಿನ ಶಕ್ತಿ ನೂರು ಪಟ್ಟು. ಅಬೈಡಾಸ್ ಅನ್ನೋ ಮರಳುಗಾಡಿನ ಗ್ರಹದಲ್ಲಿ ಗುಲಾಮರು ಇದನ್ನು ಅಗೀತಾರೆ. ಅಮೆರಿಕದ ಸೈನಿಕರು ಬರ್ತಾರೆ, ದುಷ್ಟ ದೇವರನ್ನು ಕೊಲ್ತಾರೆ, ಗುಲಾಮರು ಬಿಡುಗಡೆ ಆಗ್ತಾರೆ. ಚಪ್ಪಾಳೆ.

ಅಷ್ಟು ವರ್ಷ ಅಗೆದ ಗುಂಡಿ ಏನಾಯ್ತು? ಧಾತು ತೆಗೆದ ಮೇಲೆ ಉಳಿದ ಪುಡಿ ಎಲ್ಲಿ ಚೆಲ್ಲಿದರು? ಆ ಮರಳುಗಾಡಲ್ಲಿ ಇರೋ ಒಂದೆರಡು ಬಾವಿಯ ನೀರು ಕುಡಿಯೋ ಹಾಗೆ ಉಳಿದಿತ್ತಾ? ಯಾರೂ ಕೇಳೋಲ್ಲ. ಬಾಗಿಲಿನ ಬಗ್ಗೆ ಹತ್ತು ವರ್ಷ ಕಥೆ ಹೇಳೋಕೆ ಸಮಯ ಇದ್ದವರಿಗೆ ಬಾವಿ ನೆನಪಾಗೋದೇ ಇಲ್ಲ.

ಸರಿ, ನಿಜವಾದ ಅತಿಭಾರ ಧಾತುಗಳು ಹೇಗಿರ್ತವೆ ನೋಡೋಣ. 115 ಅಂದ ಕೂಡಲೇ ಹಾರುವ ತಟ್ಟೆಯ ಅಭಿಮಾನಿಗಳ ಕಿವಿ ನಿಮಿರುತ್ತೆ. 1989ರಲ್ಲಿ ಬಾಬ್ ಲಜಾರ್ ಅನ್ನೋ ಅಮೆರಿಕನ್ "ಅನ್ಯಗ್ರಹದವರ ವಾಹನಕ್ಕೆ 115ನೇ ಧಾತುವೇ ಇಂಧನ, ನಾನೇ ಕಂಡಿದ್ದೀನಿ" ಅಂತ ಟಿವಿಯಲ್ಲಿ ಹೇಳಿದ. 2003ರಲ್ಲಿ ರಷ್ಯಾದ ದುಬ್ನಾದಲ್ಲಿ ವಿಜ್ಞಾನಿಗಳು ನಿಜವಾಗಿಯೂ ಆ ಧಾತು ತಯಾರಿಸಿದರು. 2016ರಲ್ಲಿ ಅದಕ್ಕೆ ಮಾಸ್ಕೋವಿಯಂ ಅಂತ ಹೆಸರು ಬಂತು. ಆಯುಷ್ಯ? ಒಂದು ಸೆಕೆಂಡು ಕೂಡ ಇಲ್ಲ. ಕೋಷ್ಟಕದ ಕೊನೆಯ ಮನೆಯಲ್ಲಿ ಕೂತಿರುವ 118ನೇ ಓಗನೆಸ್ಸಾನ್ ಇನ್ನೂ ಪಾಪ, ಒಂದು ಮಿಲಿಸೆಕೆಂಡಿನೊಳಗೇ ಮುಗೀತು. ಈ ಭೂಮಿಯ ಮೇಲೆ ಇದುವರೆಗೆ ತಯಾರಾದ ಓಗನೆಸ್ಸಾನ್ ಪರಮಾಣುಗಳನ್ನು ಬೆರಳಲ್ಲಿ ಎಣಿಸಬಹುದು.

"ಆದರೆ ಸ್ಥಿರತೆಯ ದ್ವೀಪ ಇದೆಯಲ್ಲ" ಅಂತೀರಿ. ಗೊತ್ತು. ಪ್ರೋಟಾನು 114ರ ಆಸುಪಾಸು, ನ್ಯೂಟ್ರಾನು 184 ಆದಾಗ ಪರಮಾಣು ಬೀಜ ಹೆಚ್ಚು ಗಟ್ಟಿ ಇರಬಹುದು ಅನ್ನೋದು 1960ರ ದಶಕದಿಂದ ಇರುವ ಲೆಕ್ಕಾಚಾರ. ಅಸ್ಥಿರ ಧಾತುಗಳ ಸಮುದ್ರದ ನಡುವೆ ಒಂದು ದ್ವೀಪ ಇದ್ದ ಹಾಗೆ. ನಮ್ಮ ಕಡೆ ನದಿ ನಡುವಿನ ದ್ವೀಪಕ್ಕೆ ಗಡ್ಡಿ ಅಂತಾರೆ. ಕಕ್ಕೇರಾ ಪಕ್ಕದ ಕೃಷ್ಣೆಯಲ್ಲಿ ನೀಲಕಂಠರಾಯನಗಡ್ಡಿ ಇದೆ. 2014ರಲ್ಲಿ ಆ ಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಸಿಗಲಿ ಅಂತ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿ ಈಚೆ ದಡ ಸೇರಿದ್ದು ದೇಶವಿದೇಶದ ಪತ್ರಿಕೆಗಳಲ್ಲಿ ಬಂದಿತ್ತು. ಗಡ್ಡಿ ಕಣ್ಣಿಗೆ ಕಾಣೋದು ಬೇರೆ, ನಡುವಿನ ನೀರು ದಾಟೋದು ಬೇರೆ ಅಂತ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವಿಜ್ಞಾನಿಗಳ ಕಷ್ಟವೂ ಇದೇ. 184 ನ್ಯೂಟ್ರಾನು ಬೇಕು, ಇಲ್ಲಿಯವರೆಗೆ ಮುಟ್ಟಿರೋದು 177. ಅವರು ಪ್ರಾಮಾಣಿಕವಾಗಿ "ಇನ್ನೂ ದಾಟಿಲ್ಲ" ಅಂತಾರೆ. ಕಥೆಗಾರ ಮಾತ್ರ ಒಂದೇ ಜಿಗಿತಕ್ಕೆ ಗಡ್ಡಿ ಸೇರಿ, ಅಲ್ಲಿ ಗಣಿಯನ್ನೂ ತೆಗೆದು, ಲಾರಿಯಲ್ಲಿ ಧಾತು ತುಂಬಿಸಿ ಕಳಿಸ್ತಾನೆ.

ಜಿಗಿಯಲಿ ಬಿಡಿ. ಕಥೆಗಾರನಿಗೆ ಅಷ್ಟು ಸಲಿಗೆ ಕೊಡದಿದ್ದರೆ ಸೈನ್ಸ್ ಫಿಕ್ಷನ್ನೇ ಇರೋಲ್ಲ. ಬೆಳಕಿಗಿಂತ ವೇಗವಾಗಿ ಹೋಗಲಿ, ಕಾಲದಲ್ಲಿ ಹಿಂದೆ ಹೋಗಲಿ, ನನ್ನದೇನೂ ಅಡ್ಡಿ ಇಲ್ಲ. ಒಂದು ಅಸಾಧ್ಯವನ್ನು ಒಪ್ಪಿಕೊಂಡ ಮೇಲೆ ಅದರ ಪರಿಣಾಮವನ್ನು ಪೂರ್ತಿ ಅನುಭವಿಸು ಅನ್ನೋದೇ ಈ ಪ್ರಕಾರದ ಮಜಾ ತಾನೆ? ಅಂಥಾ ಶಕ್ತಿಯ ಧಾತು ಇದ್ದರೆ ಅದಕ್ಕೆ ಅದಿರು ಇರಬೇಕು, ಅದಿರಿಗೆ ಕಸ ಇರಬೇಕು, ಕಸ ಬೀಳೋಕೆ ಒಂದು ಜಾಗ, ಆ ಜಾಗದ ಪಕ್ಕ ಒಂದು ಊರು. ಈ ಸರಪಳಿಯನ್ನು ಮೊದಲ ಕೊಂಡಿಯಲ್ಲೇ ಕತ್ತರಿಸಿ ಬಿಸಾಕೋದನ್ನು ನಾನು ಸೋಮಾರಿತನ ಅಂತೀನಿ.

ಇದನ್ನು ನಾನು ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ನಾನಿರುವ ಸೀಮೆಯ ಆವರ್ತ ಕೋಷ್ಟಕ ಸ್ವಲ್ಪ ನೋಡಿ.

ಕಕ್ಕೇರಾದಿಂದ ಕೃಷ್ಣೆ ದಾಟಿ ಆಚೆ ಹೋದರೆ ಲಿಂಗಸೂಗೂರು ತಾಲೂಕು, ಅಲ್ಲಿ ಹಟ್ಟಿ. ಧಾತು ಸಂಖ್ಯೆ 79, ಚಿನ್ನ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗೋದು ಕೆಲವೇ ಗ್ರಾಂ. ಉಳಿದದ್ದೆಲ್ಲ ಪುಡಿಯಾಗಿ ಊರ ಪಕ್ಕದಲ್ಲೇ ಗುಡ್ಡೆ ಬೀಳುತ್ತೆ. ಗಣಿ ನಿಂತ ಮೇಲೆ ಆ ಗುಡ್ಡೆಗಳ ಗತಿ ಏನು ಅಂತ ನೋಡಬೇಕಾದರೆ ಕೋಲಾರ ಚಿನ್ನದ ಗಣಿಗೆ ಹೋಗಿ. 2001ರಲ್ಲಿ ಗಣಿ ಮುಚ್ಚಿತು, ಸಯನೈಡ್ ದಿಬ್ಬಗಳು ಇವತ್ತಿಗೂ ನಿಂತಿವೆ. ಗಾಳಿ ಬೀಸಿದಾಗ ಆ ಧೂಳು ಯಾರ ಮನೆಗೆ ಹೋಗುತ್ತೆ ಅಂತ ಅಲ್ಲಿನವರನ್ನು ಕೇಳಿ.

ಇನ್ನು ನಮ್ಮದೇ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ. ಧಾತು ಸಂಖ್ಯೆ 33, ಆರ್ಸೆನಿಕ್. ಚಿನ್ನ ಇರುವ ಬಂಡೆಯಲ್ಲಿ ಆರ್ಸೆನಿಕ್ ಕೂಡ ಜೊತೆಗೂಡಿ ಇರೋದು ಭೂವಿಜ್ಞಾನಿಗಳಿಗೆ ಹಳೇ ವಿಷಯ. ಪಕ್ಕದ ಮಂಗಳೂರು ಅನ್ನೋ ಹಳ್ಳಿಯ ಸುತ್ತ (ಕರಾವಳಿಯ ಮಂಗಳೂರು ಅಲ್ಲ, ಇದು ನಮ್ಮ ತಾಲೂಕಿನದು) ಹಳೆಯ ಚಿನ್ನದ ಗಣಿ ಇತ್ತು. 2009ರ ಸುಮಾರಿಗೆ ತಾಂಡಾದ ಜನರ ಅಂಗೈ ಅಂಗಾಲಿನ ಗಂಟುಗಳಿಗೂ ಚರ್ಮದ ಕಾಯಿಲೆಗೂ ಕಾರಣ ಕುಡಿಯುವ ನೀರಿನ ಆರ್ಸೆನಿಕ್ ಅಂತ ಬೆಳಕಿಗೆ ಬಂತು. 2013ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧವೂ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ, ಬೋರ್‌ವೆಲ್ಲಿನಿಂದ ಕೊಡಕ್ಕೆ, ಕೊಡದಿಂದ ಮೈಗೆ. ಯಾವ ಸೈನ್ಸ್ ಫಿಕ್ಷನ್ ಖಳನಾಯಕ ಇಷ್ಟು ಸದ್ದಿಲ್ಲದೆ ಮನೆ ಹೊಕ್ಕಿದ್ದಾನೆ ಹೇಳಿ?

ಮೂರನೆಯದು ಗೋಗಿ. ಸುರಪುರ ದಾಟಿ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ದಾಟಿ ಹೋದರೆ ಸಿಗುವ ಊರು. ಬಿಜಾಪುರದ ಆದಿಲ್‌ಶಾಹಿ ವಂಶ ಶುರು ಮಾಡಿದ ಯೂಸುಫ್ ಆದಿಲ್‌ಶಾಹನ ಗೋರಿ ಇರೋದು ಅಲ್ಲೇ. ಆ ಗೋಗಿಯ ನೆಲದಡಿ, ಭೀಮಾ ಕಣಿವೆಯ ಸುಣ್ಣಕಲ್ಲು ಮತ್ತು ಗ್ರಾನೈಟು ಸೀಳಿ ಪುಡಿಯಾದ ಕಡೆ, ಧಾತು ಸಂಖ್ಯೆ 92 ಕೂತಿದೆ. ಯುರೇನಿಯಂ. ಪ್ರಕೃತಿಯಲ್ಲಿ ಗಣಿ ತೆಗೆಯುವಷ್ಟು ಸಿಗುವ ಧಾತುಗಳಲ್ಲಿ ಇದೇ ಕೊನೆಯದು, ಇದೇ ಅತಿ ಭಾರದ್ದು. ನಕ್ವಾಡಾ ಅನ್ನೋದು ಇದರದ್ದೇ ಬಣ್ಣ ಬಳಿದ ನೆರಳು.

ಯುರೇನಿಯಂ 238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಹೆಚ್ಚೂಕಡಿಮೆ ಭೂಮಿಯ ವಯಸ್ಸು. ಅಂದ್ರೆ ಭೂಮಿ ಹುಟ್ಟಿದಾಗ ಇದ್ದದ್ದರಲ್ಲಿ ಅರ್ಧ ಇನ್ನೂ ಇದೆ. ಅದು ಹದಿನಾಲ್ಕು ಮೆಟ್ಟಿಲು ಇಳಿದು ಕೊನೆಗೆ ಸೀಸ ಆಗುತ್ತೆ. ನಡುವಿನ ಮೆಟ್ಟಿಲುಗಳಲ್ಲಿ ಥೋರಿಯಂ, ರೇಡಿಯಂ, ರೇಡಾನ್ ಅನಿಲ, ಪೊಲೋನಿಯಂ. ಈಗ ಗಣಿಯ ಲೆಕ್ಕ. ಭಾರತದ ಮಟ್ಟಿಗೆ ಗೋಗಿಯ ಅದಿರು ಸಿರಿವಂತ ಅದಿರು. ಜಾರ್ಖಂಡಿನ ಜಾದೂಗೂಡದಲ್ಲಿ ಒಂದು ಟನ್ ಕಲ್ಲಿಗೆ ಒಂದು ಕಿಲೋನೂ ಸಿಗೋಲ್ಲ, ಗೋಗಿಯಲ್ಲಿ ಎರಡು ಕಿಲೋ ಹತ್ತಿರ. ಸಿರಿವಂತ ಅಂದರೂ ಇಷ್ಟೇ! ಉಳಿದ 998 ಕಿಲೋ ಕಲ್ಲು ನುಣ್ಣಗೆ ಪುಡಿಯಾಗಿ, ರಾಸಾಯನಿಕದಲ್ಲಿ ತೊಳೆದು, ಕೆಸರಾಗಿ ಒಂದು ಕೊಳ ಸೇರಬೇಕು. ಯುರೇನಿಯಂ ಹೋಯ್ತು ಅಂತ ಆ ಕೆಸರು ಸಾಧು ಆಗೋಲ್ಲ. ಅದಿರಿನಲ್ಲಿದ್ದ ವಿಕಿರಣದ ಶೇ. 85ರಷ್ಟು ಕೆಸರಲ್ಲೇ ಉಳಿಯುತ್ತೆ, ಯಾಕಂದ್ರೆ ರೇಡಿಯಂ ಮತ್ತು ಅದರ ಬಳಗವನ್ನು ಯಾರೂ ಹೊತ್ತುಕೊಂಡು ಹೋಗೋಲ್ಲ. ರೇಡಿಯಂನ ಅರ್ಧಾಯುಷ್ಯ 1600 ವರ್ಷ. ಬಸವಣ್ಣನವರ ಕಾಲದಲ್ಲಿ ಯಾರಾದರೂ ಒಂದು ತೊಲ ರೇಡಿಯಂ ಹೂತಿಟ್ಟಿದ್ದರೆ ಅದರ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಇವತ್ತಿಗೂ ಉಳಿದಿರುತ್ತಿತ್ತು. ರೇಡಿಯಂ ಹುಟ್ಟಿಸುವ ಥೋರಿಯಂ 230ರದ್ದು ಸುಮಾರು 75 ಸಾವಿರ ವರ್ಷ. ಕೊಳದ ಕಟ್ಟೆ ಕಟ್ಟುವ ಗುತ್ತಿಗೆದಾರ ಎಷ್ಟು ವರ್ಷದ ಗ್ಯಾರಂಟಿ ಕೊಡ್ತಾನೆ?

ಇದು ಹೆದರಿಸುವ ಮಾತು ಅಂತೀರಾ? 2006ರ ಡಿಸೆಂಬರಿನಲ್ಲಿ ಜಾದೂಗೂಡದಲ್ಲಿ ಇಂಥ ಕೆಸರು ಸಾಗಿಸುವ ಪೈಪು ಒಡೆದು ತೊರೆಗೆ ಹರಿದಿದ್ದು ನಡೆದ ಘಟನೆ. ಆಂಧ್ರದ ಕಡಪ ಜಿಲ್ಲೆಯ ತುಮ್ಮಲಪಲ್ಲಿಯ ಕೊಳದ ಸುತ್ತಲಿನ ಬಾಳೆ ಬೆಳೆಗಾರರು ಬೋರ್‌ವೆಲ್ ನೀರಿನ ಬಗ್ಗೆ ದೂರು ಕೊಟ್ಟದ್ದೂ ಸುದ್ದಿಯಾಗಿದೆ. ಹಾಗಾಗಿ ಗೋಗಿಯಲ್ಲಿ ಪರಿಶೋಧನೆಗೆ ಅಂತ ಸುರಂಗ ತೋಡಿದ ಮೇಲೆ, ಪೂರ್ಣ ಪ್ರಮಾಣದ ಗಣಿ, ಕಾರ್ಖಾನೆ ಮಾತು ಬಂದಾಗ ಸುತ್ತಲಿನ ಊರವರು ಬೇಡ ಅಂದರು. ಅವರು ಯಾರೂ ಭೌತವಿಜ್ಞಾನ ಓದಿದವರಲ್ಲ, ಹತ್ತಿ ತೊಗರಿ ಬೆಳೆಯುವವರು. ಆದರೂ ಸರಿಯಾದ ಪ್ರಶ್ನೆಯನ್ನೇ ಕೇಳಿದರು: ನೀರು ಏನಾಗುತ್ತೆ? ಸ್ಟಾರ್‌ಗೇಟಿನ ಕಥೆಗಾರರ ತಂಡಕ್ಕೆ ಹತ್ತು ವರ್ಷ ಹೊಳೆಯದ ಪ್ರಶ್ನೆ ಇದು.

ಈಗ ಇದಕ್ಕೂ ಸಿನಿಮಾಕ್ಕೂ ಏನು ಸಂಬಂಧ ಅಂತ ಕೇಳೋರಿಗೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಪರಮಾಣು ಖನಿಜ ಮತ್ತು "ನಿರ್ಣಾಯಕ, ಆಯಕಟ್ಟಿನ" ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕರ ಅಹವಾಲು ಕೇಳುವ ಹಂತದಿಂದ ವಿನಾಯಿತಿ. ಪರಿಸರ ವರದಿ ಬೇಕು, ದಿಲ್ಲಿಯ ತಜ್ಞರು ನೋಡಬೇಕು, ಆದರೆ ಊರಲ್ಲಿ ಶಾಮಿಯಾನ ಹಾಕಿ, ಮೈಕು ಕೊಟ್ಟು, "ನಿಮ್ಮ ಮಾತೇನು" ಅಂತ ಕೇಳಬೇಕಿಲ್ಲ. ಕಾರಣ? ದೇಶದ ರಕ್ಷಣೆ, ಆಯಕಟ್ಟಿನ ಅಗತ್ಯ. ಓದಿದಾಗ ನನಗೆ ನೆನಪಾಗಿದ್ದು ನಕ್ವಾಡಾನೇ. "ಈ ಧಾತು ಎಷ್ಟು ಮಹತ್ವದ್ದು ಅಂದ್ರೆ ಅದು ಯಾರ ಹೊಲದಡಿ ಇದೆ ಅನ್ನೋದು ಮುಖ್ಯ ಅಲ್ಲ." ಇಡೀ ಪ್ರಪಂಚ ಈ ಸಾಲನ್ನು ಪರದೆ ಮೇಲೆ ಮೂವತ್ತು ವರ್ಷದಿಂದ ಪಾಪ್‌ಕಾರ್ನ್ ತಿನ್ನುತ್ತಾ ಒಪ್ಪಿಕೊಂಡಿದೆ. ಆಮೇಲೆ ಅದು ಆದೇಶವಾಗಿ ಬಂದಾಗ ನಮಗೆ ಏನೂ ವಿಚಿತ್ರ ಅನ್ನಿಸೋಲ್ಲ. ಸಿನಿಮಾದಿಂದ ಆದೇಶ ಬಂತು ಅಂತ ನಾನು ಹೇಳ್ತಿಲ್ಲ. ಎರಡಕ್ಕೂ ಒಂದೇ ಕುರುಡು ಅಂತ ಹೇಳ್ತಿದ್ದೀನಿ.

ನೀವು ಏನು ಹೇಳ್ತೀರಿ ಅಂತಲೂ ಊಹಿಸಬಲ್ಲೆ.

"ಅವತಾರ್ ಇದನ್ನೇ ತೋರಿಸಿತಲ್ಲ?" ಹೌದು, 2009ರ ಆ ಸಿನಿಮಾ ಅಷ್ಟಾದರೂ ಮಾಡಿತು. ಕಿಲೋಗೆ 2 ಕೋಟಿ ಡಾಲರ್ ಬೆಲೆಯ ಅನ್‌ಅಬ್ಟೇನಿಯಂ ಊರ ಮರದ ಕೆಳಗೇ ಇದೆ, ಊರವರು ಬಿಡೋಲ್ಲ ಅಂತಾರೆ. ಒಳ್ಳೇದು. ಆದರೆ ಅಲ್ಲೂ ಊರು ಉಳಿಸೋಕೆ ಹೊರಗಿನಿಂದ ಬಂದ ಸೈನಿಕನೇ ಬೇಕಾಯ್ತು, ಯುದ್ಧ ಗೆದ್ದ ಕೂಡಲೇ ಕಥೆ ಮುಗೀತು. ನಮ್ಮ ಕಡೆ ಜಗಳ ಹಾಗೆ ಮುಗಿಯೋಲ್ಲ. ಅದು ನೀರಿನ ಪರೀಕ್ಷೆಯ ಇಂಗ್ಲಿಷ್ ವರದಿಯಲ್ಲಿ, ತಹಶೀಲ್ದಾರ್ ಕಚೇರಿಯ ಮೆಟ್ಟಿಲಲ್ಲಿ ವರ್ಷಗಟ್ಟಲೆ ನಡೆಯುತ್ತೆ. ಅದನ್ನು ಯಾರು ಬರೀತಾರೆ?

"ಹಾಗಾದರೆ ಕರೆಂಟು ಬೇಡವಾ?" ಬೇಕು. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕ ಇವೆ. ಮೊದಲನೆಯದು 2018ರ ಕೊನೆಯ ದಿನದವರೆಗೆ ಸತತ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು. ಕನ್ನಡಿಗನಾಗಿ ನನಗೂ ಹೆಮ್ಮೆ ಇದೆ. ಆದರೆ ಕರೆಂಟಿನ ಬಿಲ್ಲಿನಲ್ಲಿ ಕೆಸರಿನ ಖರ್ಚೂ ಸೇರಿರಬೇಕು ಅಂದರೆ ಅದು ವಿಜ್ಞಾನ ವಿರೋಧ ಹೇಗಾಗುತ್ತೆ? ಶಿವರಾಮ ಕಾರಂತರು ಮಕ್ಕಳಿಗೆ, ದೊಡ್ಡವರಿಗೆ ಕನ್ನಡದಲ್ಲಿ ವಿಜ್ಞಾನ ತಿಳಿಸಿ ಸಂಪುಟಗಟ್ಟಲೆ ಬರೆದವರು. ಅವರೇ ಕೈಗಾ ಬೇಡ ಅಂತ 1989ರಲ್ಲಿ ಲೋಕಸಭೆ ಚುನಾವಣೆಗೂ ನಿಂತರು. ನೀವು ಅವರ ಮಾತು ಒಪ್ಪಿ ಬಿಡಿ, ವಿಜ್ಞಾನ ತಿಳಿಸುವವನೇ ಪ್ರಶ್ನೆಯನ್ನೂ ಕೇಳಬಹುದು ಅನ್ನೋದಕ್ಕೆ ಅವರಿಗಿಂತ ಸಾಕ್ಷಿ ಬೇಕಿಲ್ಲ.

"ಕಥೇಲಿ ಇಷ್ಟೆಲ್ಲ ಲೆಕ್ಕ ಹಾಕಿದರೆ ಕನಸೇ ಸತ್ತುಹೋಗುತ್ತೆ." ಈ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಲೆಕ್ಕವಿಲ್ಲದ ಕನಸು ಏನಾಗುತ್ತೆ ಅಂತ ಮಂಡ್ಯದಲ್ಲಿ ನೋಡಿದ್ದೀವಲ್ಲ. 2020ರಲ್ಲಿ ಮರ್ಲಗಾಲದ ಬಳಿ 14,100 ಟನ್ ಲಿಥಿಯಂ ಇದೆ ಅಂತ ಸುದ್ದಿ ಬಂದಾಗ ಟಿವಿಯವರು ಮಂಡ್ಯವನ್ನು ವಕಾಂಡಾ ಮಾಡಿಬಿಟ್ಟರು. ಮರುವರ್ಷ ಸರ್ಕಾರವೇ ಸಂಸತ್ತಿಗೆ ಹೇಳಿದ ಅಂಕಿ 1,600 ಟನ್. ಅದೂ ಪ್ರಾಥಮಿಕ ಅಂದಾಜು. ಮೊದಲಿನ ಸುದ್ದಿ ಹಂಚಿಕೊಂಡವರಲ್ಲಿ ಎರಡನೆಯದನ್ನು ಹಂಚಿಕೊಂಡವರು ಎಷ್ಟು ಜನ?

ಇನ್ನು "ನಮ್ಮವರಿಗೆ ಯಾಕೆ ಹೊಳೆಯೋಲ್ಲ" ಅನ್ನೋ ನಿಟ್ಟುಸಿರು. ಸ್ವಾಮಿ, ಕಕ್ಕೇರಾದ ಹತ್ತಿರವೇ ಕೊಡೇಕಲ್ ಇದೆ. ಅಲ್ಲಿಯ ಬಸವಣ್ಣನ ಪರಂಪರೆಯಲ್ಲಿ ಕಾಲಜ್ಞಾನ ಅನ್ನೋ ಸಾಹಿತ್ಯ ಪ್ರಕಾರವೇ ಬೆಳೆದಿದೆ. ಮುಂದೆ ಬರುವ ಕಾಲವನ್ನು ನೆನೆದು ಇವತ್ತಿನವರನ್ನು ಎಚ್ಚರಿಸೋ ಮಾತುಗಳು. ಅದು ವಿಜ್ಞಾನ ಅಂತ ನಾನು ಹೇಳೋದಿಲ್ಲ, ಭವಿಷ್ಯ ನಿಜ ಆಗುತ್ತೆ ಅಂತಲೂ ನಂಬೋದಿಲ್ಲ. ಆದರೆ ನಾಳೆಯ ಬಗ್ಗೆ ಮಾತಾಡೋದು ಅಂದ್ರೆ ಇವತ್ತಿನ ದೊರೆಗೆ ಲೆಕ್ಕ ಕೇಳೋದು ಅನ್ನೋ ಪಾಠ ಈ ನೆಲಕ್ಕೆ ನಾನೂರು ವರ್ಷಕ್ಕಿಂತ ಹಳೇದು. ನಮ್ಮ ಭಾಷೆಯಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆ ಕಾದಂಬರಿ ಬರೆದು ದಾರಿ ಮಾಡಿಟ್ಟಿದ್ದಾರೆ. ಹೊಳೆಯೋದಿಲ್ಲ ಅನ್ನಬೇಡಿ, ಹುಡುಕೋದಿಲ್ಲ ಅನ್ನಿ.

ಹಾಗಾಗಿ ಗೆಳೆಯರಿಗೆ ನನ್ನದೊಂದು ಸವಾಲು. ಮುಂದಿನ ಸಲ ಧಾತುವೊಂದನ್ನು ಸೃಷ್ಟಿ ಮಾಡಿದರೆ, ಅಥವಾ ಯಾರೋ ಸೃಷ್ಟಿ ಮಾಡಿದ್ದನ್ನು ಹೊಗಳಿ ಬರೆದರೆ, ಅದರ ಪರಮಾಣು ಸಂಖ್ಯೆ 126 ಇರಲಿ, 164 ಇರಲಿ, ಮೂರು ವಿಷಯ ಬರೆಯದೆ ಮುಗಿಸಬೇಡಿ. ಅದು ಎಷ್ಟು ಕಾಲ ಇರುತ್ತೆ, ಒಂದು ಕಿಲೋಗೆ ಎಷ್ಟು ಟನ್ ಕಸ ಬೀಳುತ್ತೆ, ಆ ಕಸದ ಪಕ್ಕದ ಬಾವಿ ಯಾರದು. ಕಥೆಗೆ ರುಚಿ ಕಡಿಮೆಯಾದರೆ ನನ್ನನ್ನು ಬಯ್ಯಿರಿ.

ಗೋಗಿಯಲ್ಲಿ 75 ಸಾವಿರ ವರ್ಷದ ಕೆಸರಿಗೆ ಕಾವಲು ಕೂರುವ ಮನೆತನವೊಂದರ ಕಥೆ. ಹತ್ತು ತಲೆಮಾರಿನ ಮೇಲೆ ಎಚ್ಚರಿಕೆಯ ಫಲಕದ ಲಿಪಿ ಯಾರಿಗೂ ಓದೋಕೆ ಬರದ ಕಥೆ. ಕಿರದಳ್ಳಿಯ ಕೊಡಪಾನವೇ ಮಾತಾಡಿ "ಇದನ್ನ ಕುಡೀಬ್ಯಾಡ್ರಿ" ಅನ್ನೋ ಕಥೆ. ಈ ಮೂರೂ ನಿಮಗೇ ಕೊಟ್ಟೆ, ನನ್ನ ಹೆಸರು ಹಾಕೋದೂ ಬೇಡ.

ಬರೀರಿ. ಓದಾಕ ನಾ ಅದೀನಿ.